ನೇರಳೆ ಮರಕ್ಕೆ ಹರಕೆ ಬಂದ ಬಗೆ

“ಇಲ್ಲಿ ನೋಡೋದಕ್ಕೆ ಏನಿದೆ?” ಎಂದು ಕಾರಿನ ಗಾಜು ಇಳಿಸಿ ಕೇಳುವವರನ್ನು ಕಂಡರೆ ಈಚೆಗೆ ನನಗೆ ಮೈಯೆಲ್ಲ ಉರಿಯುತ್ತದೆ. ಕೇಳುವವರ ತಪ್ಪೇನೂ ಇಲ್ಲ. ದೂರದಿಂದ ಬಂದಿರುತ್ತಾರೆ, ತಿರುವುಗಳಲ್ಲಿ ಮಕ್ಕಳು ವಾಂತಿ ಮಾಡಿಕೊಂಡಿರುತ್ತವೆ, ಏನನ್ನಾದರೂ ನೋಡದೆ ವಾಪಸು ಹೋದರೆ ಆ ವಾಂತಿಗೆ ಅರ್ಥವಿರುವುದಿಲ್ಲ. ಆದರೂ ಉರಿಯುತ್ತದೆ. ‘ಇಲ್ಲಿ ನಾವಿದ್ದೇವೆ, ಸಾಲದೇ?’ ಎಂದು ಹೇಳಿಬಿಡೋಣ ಅನ್ನಿಸುತ್ತದೆ. ಹೇಳುವುದಿಲ್ಲ. ಕೈ ಎತ್ತಿ ಯಾವುದೋ ಗುಡ್ಡದ ಕಡೆ ತೋರಿಸುತ್ತೇನೆ.

ನಮ್ಮ ಕಡೆ ‘ನೋಡಿ ಬರುವುದು’ ಎಂದರೆ ಒಂದೋ ಹೆಣ್ಣು, ಇಲ್ಲವೇ ಕಾಯಿಲೆಯವರು. ಗುಡ್ಡವನ್ನು ಯಾರೂ ನೋಡಲು ಹೋಗುತ್ತಿರಲಿಲ್ಲ. ತಪ್ಪಿಸಿಕೊಂಡ ದನ ಹುಡುಕಲು ಹೋಗುತ್ತಿದ್ದೆವು. ದೇವಸ್ಥಾನಕ್ಕೆ ಹೋಗುವುದು ಕೈ ಮುಗಿಯುವುದಕ್ಕೆ ಮತ್ತು, ಸುಳ್ಳೇಕೆ ಹೇಳಲಿ, ಊಟಕ್ಕೆ. ಹೊರನಾಡಿಗೂ ಕಳಸಕ್ಕೂ ಹೋದವನು ನಾನು. ಆದರೆ ಕಳಸದ ದೇವಸ್ಥಾನದ ಮೆಟ್ಟಿಲು ಹತ್ತುವಾಗ ಹಿಂತಿರುಗಿ ನೋಡಿದರೆ ಎಷ್ಟು ಚೆಂದ ಕಾಣುತ್ತದೆಂದು ನನಗೆ ಗೊತ್ತಾದದ್ದು ಹಲ್ಲು ಉದುರಿದ ಮೇಲೆ, ಅದೂ ಬೆಂಗಳೂರಿನವರೊಬ್ಬರು ಹೇಳಿದ ಮೇಲೆ.

ನಾನು ಎಸ್ಸೆಸ್ಸೆಲ್ಸಿ ಪಾಸು ಮಾಡಿ ಗೋಣಿಬೀಡಿನ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರಾಗಿ ಸೇರಿದವನು. ರೈಟರೆಂದರೆ ಕಥೆ ಕವಿತೆ ಬರೆಯುವವನಲ್ಲ. ಯಾರು ಕೆಲಸಕ್ಕೆ ಬಂದರು, ಯಾರು ಬರಲಿಲ್ಲ, ಎಷ್ಟು ಹಣ್ಣು ಕೊಯ್ದರು ಎಂದು ಬರೆಯುವವನು. ಕೆಲಸ ಬಿಟ್ಟ ಮೇಲೂ ಜನ ‘ರೈಟ್ರೇ’ ಎಂದೇ ಕರೆಯುತ್ತಾರೆ. ಸಾಹುಕಾರರು ಹಳೆಯ ಬಂಗಲೆಯ ಅರ್ಧ ಭಾಗವನ್ನು ಹೋಂಸ್ಟೇ ಮಾಡಿದಾಗ ನನ್ನನ್ನು ಕರೆಸಿ, “ಮನೇಲಿ ಸುಮ್ನೆ ಕೂತು ಏನು ಮಾಡ್ತೀರಿ ರೈಟ್ರೇ, ಬಂದ ಗೆಸ್ಟುಗಳಿಗೆ ಸುತ್ತಮುತ್ತ ತೋರಿಸಿ. ನಿಮಗಿಂತ ಚೆನ್ನಾಗಿ ಗೊತ್ತಿರೋರು ಯಾರಿದಾರೆ?” ಎಂದರು. ಆ ಕೊನೆಯ ಮಾತಿಗೆ ನಾನು ಬಿದ್ದೆ. ಹೊಗಳಿಕೆಗೆ ಬೀಳದ ಮುದುಕ ಇನ್ನೂ ಹುಟ್ಟಬೇಕು. ಮೂಡಿಗೆರೆಗೆ ಹೋಗಿ ಒಂದು ಟೋಪಿ ಕೊಂಡು ತಂದೆ. ನನ್ನವಳು ಅದನ್ನು ನೋಡಿ, “ಕಾಗೆ ಓಡಿಸೋಕೆ ಗದ್ದೆಗೆ ನಿಲ್ಲಿಸ್ತಾರಾ ನಿಮ್ಮನ್ನ?” ಎಂದಳು.

ಮೊದಮೊದಲು ನಾನು ಪ್ರಾಮಾಣಿಕನಾಗಿಯೇ ಇದ್ದೆ. ಬಂದವರನ್ನು ಅಂಗಡಿ ಎಂಬ ಊರಿಗೆ ಕರೆದೊಯ್ಯುತ್ತಿದ್ದೆ. ಹೊಯ್ಸಳರ ಮೂಲ ಇದೇ, ಸಳ ಹುಲಿ ಹೊಡೆದದ್ದು ಇಲ್ಲೇ ಎಂದು ನಾವೆಲ್ಲ ಶಾಲೆಯಲ್ಲಿ ಎದೆಯುಬ್ಬಿಸಿ ಓದಿದ್ದೆವು. ಅಲ್ಲಿನ ವಾಸಂತಿಕಾ ದೇವಿಯ ಗುಡಿ, ಪಾಳುಬಿದ್ದ ಬಸದಿಯ ಕಲ್ಲುಗಳು, ಸುತ್ತಲಿನ ನಿಶ್ಶಬ್ದ, ಎಲ್ಲವನ್ನೂ ತೋರಿಸಿ ಅವರ ಮುಖ ನೋಡುತ್ತಿದ್ದೆ. ಅವರು ಸುತ್ತ ಒಮ್ಮೆ ಕಣ್ಣಾಡಿಸಿ, “ಇಷ್ಟೇನಾ ಅಂಕಲ್?” ಎನ್ನುತ್ತಿದ್ದರು.

ಇಷ್ಟೇನಾ. ಒಂದು ರಾಜವಂಶವೇ ಹುಟ್ಟಿದ ಜಾಗವನ್ನು ನೋಡಿ ‘ಇಷ್ಟೇನಾ’ ಎಂದರೆ ನಾನು ಏನು ಮಾಡಲಿ? ಹುಲಿಯನ್ನು ಎಲ್ಲಿಂದ ತರಲಿ?

ಆಗ ಜೀಪಿನ ಡ್ರೈವರುಗಳಿಂದ ನಾನೊಂದು ವಿದ್ಯೆ ಕಲಿತೆ. ಎಲ್ಲದಕ್ಕೂ ಪಾಂಡವರನ್ನು ಸೇರಿಸುವುದು. ನಮ್ಮ ಜಿಲ್ಲೆಯಲ್ಲಿ ಪಾಂಡವರು ಉಂಡ, ಮಲಗಿದ, ಕಾಲೂರಿದ ಜಾಗಗಳನ್ನೆಲ್ಲ ಲೆಕ್ಕ ಹಾಕಿದರೆ ಅವರ ವನವಾಸ ಅರ್ಧ ಮೂಡಿಗೆರೆಯಲ್ಲೇ ಕಳೆದಿರಬೇಕು, ಉಳಿದರ್ಧ ಕೊಪ್ಪ ಶೃಂಗೇರಿಯಲ್ಲಿ. ಕಲ್ಲಿನಲ್ಲಿ ಒಂದು ಕುಳಿ ಇದ್ದರೆ ಭೀಮನ ಹೆಜ್ಜೆ. ದೊಡ್ಡ ಕುಳಿಯಾದರೆ ಭೀಮ ಅಡಿಗೆ ಮಾಡಿದ ಪಾತ್ರೆ. ನೀರಿನ ಗುಂಡಿ ಇದ್ದರೆ ಅಲ್ಲಿ ಸೀತೆ ಸ್ನಾನ ಮಾಡಿದ್ದಾಳೆ. ಸೀತೆ ಪಾಂಡವರ ಕಥೆಯವಳಲ್ಲ ಎಂದು ಯಾರೂ ತಕರಾರು ತೆಗೆಯುವುದಿಲ್ಲ. ಎಲ್ಲರೂ ಚಪ್ಪಲಿ ಬಿಟ್ಟು ಆ ನೀರನ್ನು ತಲೆಗೆ ಪ್ರೋಕ್ಷಿಸಿಕೊಳ್ಳುತ್ತಾರೆ. ಈ ಸೀತೆಯ ಸ್ನಾನದ ವಿಷಯ ಬರೆಯುವಾಗ ನನಗೆ ಮತ್ತೆ ರಕ್ತ ತಲೆಗೇರುತ್ತಿದೆ. ಯಾಕೆಂದು ಹೇಳುತ್ತೇನೆ.

ಎಸ್ಟೇಟಿನ ಅಂಚಿನಲ್ಲಿ, ಯಾರ ಹೆಸರಿಗೂ ಇಲ್ಲದ ಸರ್ಕಾರಿ ಖರಾಬು ಜಾಗದಲ್ಲಿ, ಒಂದು ಅಬ್ಬಿ ಇದೆ. ಅಬ್ಬಿ ಎಂದರೆ ನಮ್ಮಲ್ಲಿ ಜಲಪಾತ. ಇದೇನು ಜೋಗವಲ್ಲ, ಎರಡಾಳೆತ್ತರದಿಂದ ಬೀಳುವ ನೀರು, ಕೆಳಗೆ ಸೊಂಟಮಟ್ಟದ ಗುಂಡಿ, ಸುತ್ತ ಚಪ್ಪಟೆ ಬಂಡೆಗಳು. ಅಲ್ಲಿಗೆ ಹೋಗುವುದಕ್ಕೆ ಒಂದೇ ಕಾಲುದಾರಿ. ಆ ದಾರಿ ತಿರುಗುವ ಕಡೆ ಒಂದು ನೇರಳೆ ಮರ. ಎಸ್ಟೇಟಿನ ಕೂಲಿ ಲೈನಿನ ಹೆಂಗಸರಿಗೆ ಭಾನುವಾರ ರಜೆ. ಮಧ್ಯಾಹ್ನ ಊಟ ಮುಗಿಸಿ ಬಟ್ಟೆಯ ಗಂಟು ಹೊತ್ತು ಅವರೆಲ್ಲ ಅಬ್ಬಿಗೆ ಹೋಗುತ್ತಾರೆ. ಬಟ್ಟೆ ಒಗೆದು, ಬಂಡೆಯ ಮೇಲೆ ಹರವಿ, ಅದು ಒಣಗುವಷ್ಟು ಹೊತ್ತು ನೀರಿನಲ್ಲಿರುತ್ತಾರೆ. ಹೋಗುವಾಗ ಮುಂದಿನವಳು ತನ್ನ ತಲೆಗೆ ಸುತ್ತಿದ ಬಟ್ಟೆಯನ್ನು ಬಿಚ್ಚಿ ನೇರಳೆಯ ತಗ್ಗು ಕೊಂಬೆಯ ಮೇಲೆ ಹಾಕುತ್ತಾಳೆ. ಬರುವಾಗ ಹಿಂದಿನವಳು ಅದನ್ನು ತೆಗೆದುಕೊಂಡು ಬರುತ್ತಾಳೆ. ಕೊಂಬೆಯ ಮೇಲೆ ಬಟ್ಟೆ ಇದ್ದರೆ ಗಂಡಸರು ಆ ತಿರುವನ್ನು ದಾಟುವಂತಿಲ್ಲ.

ಈ ಕಾನೂನನ್ನು ಯಾರು ಮಾಡಿದರೋ ಗೊತ್ತಿಲ್ಲ. ಮುರಿದವರನ್ನಂತೂ ನಾನು ಕಂಡಿರಲಿಲ್ಲ. ಈಗಿನ ಸಾಹುಕಾರರ ತಂದೆ ಹುಲಿಯಂಥ ಮನುಷ್ಯ, ಮೇಸ್ತ್ರಿಗಳು ಅವರ ಕೆಮ್ಮು ಕೇಳಿದರೆ ಬೀಡಿ ನುಂಗುತ್ತಿದ್ದರು. ಅವರೂ ಆ ತಿರುವಿನಲ್ಲಿ ಬಟ್ಟೆ ಕಂಡರೆ ಕೊಡೆ ತಿರುಗಿಸಿಕೊಂಡು ವಾಪಸು ಬರುತ್ತಿದ್ದರು. ಒಮ್ಮೆ ಗದ್ದೆಗೆ ನುಗ್ಗಿದ ಹಂದಿಯನ್ನು ನಾವು ಹತ್ತಾರು ಜನ ನಾಯಿಗಳೊಂದಿಗೆ ಅಟ್ಟಿಸಿಕೊಂಡು ಹೋದೆವು. ಹಂದಿ ನೇರಳೆ ಮರದ ಕೆಳಗೆ ತೂರಿ ಅಬ್ಬಿಯ ಕಡೆ ಹೋಯಿತು. ಕೊಂಬೆಯ ಮೇಲೆ ಕೆಂಪು ಬಟ್ಟೆ. ನಾವು ನಿಂತೆವು. ನಾಯಿಗಳೂ ನಮ್ಮ ಮುಖ ನೋಡಿ ನಿಂತವು. ಒಳಗಿನಿಂದ ಕಿರುಚಾಟ ಕೇಳಿಸಿತು, ಆಮೇಲೆ ಬೈಗುಳ, ಆಮೇಲೆ ನಗು. ಹಂದಿಗೆ ಮಾತ್ರ ಕಾನೂನು ಗೊತ್ತಿರಲಿಲ್ಲ, ಹಾಗಾಗಿ ಅದು ಬದುಕಿತು.

ಲೈನು ಮನೆ ನೋಡದವರಿಗೆ ಇದು ಬರೀ ಸ್ನಾನದ ವಿಷಯ ಅನ್ನಿಸಬಹುದು. ಸಾಲಾಗಿ ಅಂಟಿಕೊಂಡ ಕೋಣೆಗಳು, ಒಂದು ಮನೆಯವರು ಸೀನಿದರೆ ಮೂರನೆಯ ಮನೆಯವರಿಗೆ ಕೇಳುತ್ತದೆ. ನಲ್ಲಿಯ ಮುಂದೆ ಸಾಲು, ಬಚ್ಚಲಿನ ಮುಂದೆ ಸಾಲು. ವಾರವೆಲ್ಲ ಮೇಸ್ತ್ರಿಯ ಕಣ್ಣು, ರೈಟರ ಕಣ್ಣು, ಮನೆಗೆ ಬಂದರೆ ಗಂಡನ ಕಣ್ಣು. ಯಾರ ಕಣ್ಣೂ ಇಲ್ಲದ ಜಾಗ ಅವರಿಗೆ ಇದ್ದದ್ದು ಅದೊಂದೇ. ಅದನ್ನು ಕಳೆದವನು ನಾನು.

ಒಂದು ಸೋಮವಾರ, ಸರ್ಕಾರಿ ರಜೆ ಇತ್ತು, ಹೋಂಸ್ಟೇಗೆ ಬಂದಿದ್ದ ಗಂಡ ಹೆಂಡತಿ ಇಬ್ಬರನ್ನು ಸುತ್ತಾಡಿಸುತ್ತಿದ್ದೆ. ಅಂಗಡಿಗೆ ‘ಇಷ್ಟೇನಾ’ ಆಗಿತ್ತು. ದೇವರಮನೆ ಗುಡ್ಡಕ್ಕೆ ಮಂಜು ಕವಿದು ಏನೂ ಕಾಣದೆ, ಅದಕ್ಕೂ ನಾನೇ ಕಾರಣ ಎಂಬಂತೆ ನೋಡಿದ್ದರು. ಕೊನೆಗೆ ಮರ್ಯಾದೆ ಉಳಿಸಿಕೊಳ್ಳಲು ಅಬ್ಬಿಯ ಕಡೆ ಕರೆದುಕೊಂಡು ಹೋದೆ. ನೇರಳೆ ಮರದ ಕೊಂಬೆಯ ಮೇಲೆ ಒಂದು ಹಳದಿ ಬಟ್ಟೆ ಇತ್ತು. ಹಿಂದಿನ ದಿನ ಗುಲಾಬಿ ಎಂಬವಳು ಮರೆತು ಹೋಗಿದ್ದಳು.

ಹೆಂಗಸು ಅದನ್ನು ನೋಡಿ ಕಣ್ಣರಳಿಸಿ ಕೇಳಿದಳು. “ಅಂಕಲ್, ಇದೇನು ಹರಕೆನಾ?”

ಹೆಂಗಸರು ಸ್ನಾನ ಮಾಡುವಾಗ ಹಾಕುವ ಗುರುತು ಎಂದು ಒಂದು ವಾಕ್ಯ ಹೇಳಿದ್ದರೆ ಮುಗಿದುಹೋಗುತ್ತಿತ್ತು. ಪರವೂರಿನ ಹೆಣ್ಣುಮಗಳ ಮುಂದೆ ಸ್ನಾನದ ಮಾತು ಹೇಗೆ ಆಡುವುದೆಂದು ನಾಚಿಕೆಯಾಯಿತು. ಇದು ನಾನು ನನಗೇ ಬಹಳ ದಿನ ಹೇಳಿಕೊಂಡ ನೆಪ. ನಿಜ ಬೇರೆ. ಆ ಮೂರು ದಿನದಲ್ಲಿ ಮೊದಲ ಸಲ ಅವಳ ಕಣ್ಣು ಅರಳಿತ್ತು. ನಾನು “ಹೌದಮ್ಮ” ಎಂದೆ. ಅಷ್ಟಕ್ಕೇ ನಿಲ್ಲಿಸಿದೆನೇ? “ಹೆಣ್ಣುಮಕ್ಕಳು ಕಟ್ಟಬೇಕು. ಮನಸ್ಸಲ್ಲಿ ನೆನೆಸಿದ್ದು ಆಗುತ್ತೆ” ಎಂದೆ. ಅವಳು ಕಣ್ಣುಮುಚ್ಚಿ ತನ್ನ ದುಪಟ್ಟದ ಅಂಚು ಹರಿದು ಕಟ್ಟಿದಳು. ಅವಳ ಗಂಡ ಫೋನು ಹಿಡಿದು, “ಅಂಕಲ್, ಇನ್ನೊಂದ್ಸಲ ಹೇಳಿ” ಎಂದ. ಇನ್ನೊಂದು ಸಲ ಹೇಳಿದೆ. ಎರಡನೆಯ ಸಲ ಇನ್ನೂ ಚೆನ್ನಾಗಿ ಬಂತು. ಸೀತೆಯೂ ಬಂದಳು.

ಆಮೇಲೆ ಆದದ್ದನ್ನು ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಆ ವಿಡಿಯೋ ಎಲ್ಲೆಲ್ಲಿ ಹೋಯಿತೋ. ಮಳೆಗಾಲ ಮುಗಿಯುವ ಹೊತ್ತಿಗೆ ವಾರದ ಕೊನೆಯಲ್ಲಿ ಕಾರುಗಳು ಬಂದು ನಿಲ್ಲತೊಡಗಿದವು. ಯಾರೋ ಬಾಣದ ಗುರುತಿನ ತಗಡು ಹೊಡೆದರು. ಯಾರೋ ಚುರುಮುರಿ ಗಾಡಿ ತಂದರು. ಮರದ ತುಂಬ ದುಪಟ್ಟದ ತುಂಡು, ಕರ್ಚೀಫು, ಮಗುವಿನ ಕಾಲುಚೀಲ, ಶೂ ಲೇಸು, ಕೂದಲಿಗೆ ಹಾಕುವ ರಬ್ಬರು ಬ್ಯಾಂಡು. ಮೂಗಿಗೆ ಕಟ್ಟುವ ಮಾಸ್ಕನ್ನು ಕೂಡ ಒಬ್ಬ ಪುಣ್ಯಾತ್ಮ ಕಟ್ಟಿ ಹೋಗಿದ್ದ. ದೇವರಿಗೆ ಏನು ಕೇಳಿಕೊಂಡನೋ. ನಮ್ಮ ಹೆಂಗಸರು ಬಟ್ಟೆಯನ್ನು ಹಾಕುತ್ತಿದ್ದರು, ಮತ್ತೆ ತೆಗೆಯುತ್ತಿದ್ದರು. ಇವರು ಕಟ್ಟುತ್ತಾರೆ, ಬಿಟ್ಟು ಹೋಗುತ್ತಾರೆ. ನೂರು ಬಟ್ಟೆಗಳ ನಡುವೆ ಗುಲಾಬಿಯ ಬಟ್ಟೆ ಯಾವುದೆಂದು ಯಾರಿಗೆ ಗೊತ್ತಾಗಬೇಕು?

ಒಂದು ಭಾನುವಾರ ಹೆಂಗಸರು ನೀರಿನಲ್ಲಿದ್ದಾಗ ಐದಾರು ಹುಡುಗರು ಹಾಡು ಹಾಕಿಕೊಂಡು ಒಳಗೆ ಬಂದರಂತೆ. ಇವರು ಒದ್ದೆ ಬಟ್ಟೆ ಸುತ್ತಿಕೊಂಡು ಬಂಡೆಯ ಹಿಂದೆ ಕೂತರಂತೆ. ಹುಡುಗರು ನಾಚಿಕೊಂಡು ಹೋಗಲಿಲ್ಲ, ಸೆಲ್ಫಿ ತೆಗೆದುಕೊಂಡು ನಿಧಾನವಾಗಿ ಹೋದರಂತೆ. ಸೀತೆ ಸ್ನಾನ ಮಾಡಿದ ಗುಂಡಿ ಎಂದು ಹೇಳಿದರೆ ಚಪ್ಪಲಿ ಬಿಡುವ ಜನ, ಗುಲಾಬಿ ಸ್ನಾನ ಮಾಡುತ್ತಿರುವ ಗುಂಡಿಗೆ ಶೂ ಹಾಕಿಕೊಂಡು ಇಳಿಯುತ್ತಾರೆ. ಸತ್ತು ಸಾವಿರಾರು ವರ್ಷವಾದ ಹೆಂಗಸಿಗೆ ಮಾತ್ರ ಮರ್ಯಾದೆ ಕೊಡುವ ಜಾತಿ ನಮ್ಮದು.

ಅದೇ ಸಂಜೆ ಗುಲಾಬಿ ನನ್ನ ಮನೆಯ ಮುಂದೆ ಬಂದು ನಿಂತಳು. ಅವಳು ಹುಡುಗಿಯಾಗಿದ್ದಾಗಿನಿಂದ ಹಾಜರಿ ಬರೆದವನು ನಾನು, ಈಗ ಅವಳಿಗೂ ಮೊಮ್ಮಕ್ಕಳಿದ್ದಾರೆ. ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು.

“ರೈಟ್ರೇ, ನಮ್ಮ ಮರಕ್ಕೆ ದೇವ್ರು ಬಂದಿದಾರಂತಲ್ಲ. ಯಾವ ದೇವ್ರು ಅಂತ ಕೇಳ್ಕಂಡು ಹೋಗನ ಅಂತ ಬಂದೆ.”

“ಕೂತ್ಕ ಗುಲಾಬಿ.”

“ಕೂರಾಕೆ ಬಂದಿಲ್ಲ ಮಾರಾಯ್ರೆ. ಮೈಗೆ ಹಚ್ಚಿದ ಸೋಪು ಹಂಗೇ ಇದೆ, ತುರಿಸ್ತಾ ಇದೆ. ಆ ಬಟ್ಟೆ ನಂದು ಅಂತ ನಿಮಗೆ ಗೊತ್ತಿರಲಿಲ್ವಾ?”

“ಗೊತ್ತಿತ್ತು.”

“ಗೊತ್ತಿದ್ದೂ ಹೇಳಿದ್ರಿ.”

ಅವಳು ಹೋದ ಮೇಲೆ ನನ್ನವಳು ಒಳಗಿನಿಂದಲೇ, “ಬಟ್ಟೆನ ಮರಕ್ಕಲ್ಲ, ನಿಮ್ಮ ಬಾಯಿಗೆ ಕಟ್ಟಬೇಕಿತ್ತು” ಎಂದಳು.

ಮರುದಿನ ಸಾಹುಕಾರರ ಹತ್ತಿರ ಹೋದೆ. ಅವರು ಸಂಕಟಪಟ್ಟರು, ನಿಜವಾಗಿಯೂ ಪಟ್ಟರು. “ಅದು ಖರಾಬು ಜಾಗ ರೈಟ್ರೇ, ನಾನು ಗೇಟು ಹಾಕಿದ್ರೆ ನನ್ನ ಮೇಲೇ ಬರ್ತಾರೆ” ಎಂದರು. ಸಂಕಟದ ನಡುವೆಯೇ ಫೋನು ಬಂತು, ಮುಂದಿನ ವಾರಕ್ಕೆ ರೂಮಿಲ್ಲ ಎಂದು ಯಾರಿಗೋ ಹೇಳಿದರು. ಊರಿನ ಮುಖಂಡರೊಬ್ಬರಿಗೆ ಹೇಳಿದೆ. ಅವರು ಬಹಳ ಉತ್ಸಾಹದಿಂದ, ಪ್ರವಾಸಿಗರಿಗೆ ಅಲ್ಲೊಂದು ಶೌಚಾಲಯ, ಬಟ್ಟೆ ಬದಲಾಯಿಸುವ ಕೋಣೆ ಮಾಡಿಸುವ ಯೋಚನೆಯಿದೆ ಎಂದರು. ಲೈನಿನವರು ಇನ್ನೊಂದು ಬಚ್ಚಲು ಕೇಳಿ ಕೇಳಿ ಮುದುಕರಾದರು. ಅವರ ಬಚ್ಚಲನ್ನು ಕಿತ್ತುಕೊಂಡವರಿಗೆ ಬಟ್ಟೆ ಬದಲಾಯಿಸಲು ಕೋಣೆಯಂತೆ. ಅವರು ಕೊಟ್ಟ ಕಾಫಿ ಕುಡಿಯದೆ ನಾನು ಎದ್ದು ಬಂದೆ. ಮಲೆನಾಡಿನಲ್ಲಿ ಇದಕ್ಕಿಂತ ದೊಡ್ಡ ಜಗಳವಿಲ್ಲ.

ಇನ್ನು ಯಾರನ್ನೂ ಕೇಳುವುದಿಲ್ಲವೆಂದು ಕತ್ತಿ ಹಿಡಿದು ನೇರಳೆ ಮರದ ಹತ್ತಿರ ಹೋದೆ. ಒಂದೊಂದೇ ಗಂಟು ಕತ್ತರಿಸತೊಡಗಿದೆ. ಅಷ್ಟರಲ್ಲಿ ಎಲ್ಲಿಂದಲೋ ಒಂದು ಕುಟುಂಬ ಬಂತು. ಯಜಮಾನರು ವಿದ್ಯಾವಂತರು, ಮೆಲುಮಾತಿನವರು.

“ಏನು ಮಾಡ್ತಿದೀರಿ ಯಜಮಾನ್ರೆ? ಜನರ ನಂಬಿಕೆ ಅದು.”

“ನಂಬಿಕೆಯೂ ಅಲ್ಲ, ಮಣ್ಣೂ ಅಲ್ಲ. ಲೈನಿನ ಹೆಂಗಸರು ಸ್ನಾನಕ್ಕೆ ಹೋಗುವಾಗ ಹಾಕೋ ಗುರುತಿದು. ಹರಕೆ ಅಂತ ಸುಳ್ಳು ಹೇಳಿದ್ದು ನಾನು.”

ಅವರು ಮರುಕದಿಂದ ನೋಡಿ, ಫೋನು ತೆಗೆದು ನನ್ನದೇ ವಿಡಿಯೋ ತೋರಿಸಿದರು. “ನೋಡಿ, ಇಲ್ಲಿನವರೇ ಒಬ್ಬ ಹಿರಿಯರು ಎಲ್ಲ ವಿವರಿಸಿದಾರೆ.”

“ಅದು ನಾನೇ ಸ್ವಾಮಿ.”

ಅವರು ಫೋನನ್ನೂ ನನ್ನನ್ನೂ ಎರಡೆರಡು ಸಲ ನೋಡಿದರು. “ಛೆ ಛೆ. ಅವರು ನಗ್ತಾ ಇದಾರಲ್ಲ” ಎಂದರು.

ಸುಳ್ಳು ಹೇಳುವಾಗಿನ ನನ್ನ ಮುಖ ಅಷ್ಟು ಒಳ್ಳೆಯದಾಗಿತ್ತು. ನಿಜ ಹೇಳುವ ಈ ಮುಖ, ಗಡ್ಡ ಬೆಳೆದು, ಕಣ್ಣು ಕೆಂಪಾಗಿ, ಕೈಯಲ್ಲಿ ಕತ್ತಿ, ಯಾರು ನಂಬುತ್ತಾರೆ? ನಾನಾದರೂ ಆ ಟೋಪಿಯವನನ್ನೇ ನಂಬುತ್ತಿದ್ದೆ. ಆ ಮನೆಯ ಹೆಂಗಸು ನಾನು ಕತ್ತರಿಸಿ ಕೆಡವಿದ ಬಟ್ಟೆಗಳನ್ನು ಆಯ್ದು, ಒಂದೊಂದನ್ನೂ ಕಣ್ಣಿಗೊತ್ತಿಕೊಂಡು ಮತ್ತೆ ಕಟ್ಟಿ ಹೋದಳು.

ಅವರು ಹೋದ ಮೇಲೆ ಮತ್ತೆ ಕತ್ತಿ ಎತ್ತಿದೆ. ಕೆಲಸ ಮುಗಿಸಿ ಸೌದೆ ಹೊತ್ತು ಬರುತ್ತಿದ್ದ ಗುಲಾಬಿ ಅದನ್ನು ಕಂಡು ಸೌದೆ ಇಳಿಸಿದಳು.

“ಬಿಡಿ ರೈಟ್ರೇ. ಕಟ್ಟಿದ್ದನ್ನ ಕಡೀಬಾರದು. ಯಾರ ಮನೆ ಕಷ್ಟನೋ ಏನೋ.”

“ಮರದಲ್ಲಿ ಏನೂ ಇಲ್ಲ ಗುಲಾಬಿ. ನಿನಗೆ ಗೊತ್ತು, ನನಗೆ ಗೊತ್ತು.”

“ಗೊತ್ತು. ಆದ್ರೂ ನಂದೂ ಒಂದು ಇದೆ ಅದ್ರಾಗೆ, ನೋಡ್ಕಂಡು ಕಡೀರಿ.”

ನಾನು ಕತ್ತಿ ಕೆಳಗಿಳಿಸಿದೆ. “ನೀನೂ ಕಟ್ಟಿದ್ಯಾ? ಏನಂತ?”

“ಈ ಜನ ಬರೋದು ನಿಲ್ಲಲಿ ಅಂತ.”

“ಆಯ್ತಾ?”

“ಎಲ್ಲಿ ಆಗ್ತದೆ. ಇಷ್ಟು ಜನರದ್ದು ಕೇಳಾಕೆ ಮರಕ್ಕೂ ಪುರುಸೊತ್ತು ಬೇಡ್ವಾ?” ಎಂದು ಹೇಳಿ ಅವಳು ನಕ್ಕಳು. ನಾನು ನಗಲಿಲ್ಲ. ಅವಳ ನಗು ಬಹಳ ಬೇಗ ನಿಂತಿತು. “ನೋಡಿ ರೈಟ್ರೇ, ಮರಕ್ಕೆ ಮಾತು ಬರಲ್ಲ. ಬಟ್ಟೆ ನೋಡಿದ್ರೆ ತಿಳಿಯೋ ಜನ ಈಗಿಲ್ಲ. ನಿಮಗೆ ಬಾಯಿ ಇದೆ. ಭಾನುವಾರ ನೀವೇ ಬಂದು ಇಲ್ಲಿ ಕೂತ್ಕಳಿ. ಬೆನ್ನು ಆ ಕಡೆ, ಮುಖ ಈ ಕಡೆ.”

“ಜನ ಕೇಳಿದ್ರೆ?”

“ಇದ್ದದ್ದು ಹೇಳಿ. ಅಭ್ಯಾಸ ಇಲ್ಲ, ಕಷ್ಟ ಆಗ್ತದೆ. ಆದ್ರೂ ಹೇಳಿ.”

ಹೀಗೆ ಈಗ ಪ್ರತಿ ಭಾನುವಾರ ಮಧ್ಯಾಹ್ನ ಒಂದು ಪ್ಲಾಸ್ಟಿಕ್ ಕುರ್ಚಿ ಹೊತ್ತುಕೊಂಡು ಹೋಗಿ ನೇರಳೆ ಮರದ ಕೆಳಗೆ ದಾರಿಗೆ ಅಡ್ಡವಾಗಿ ಹಾಕಿಕೊಂಡು ಕೂರುತ್ತೇನೆ. ಹೆಂಗಸರು ಒಬ್ಬೊಬ್ಬರಾಗಿ ನನ್ನನ್ನು ದಾಟಿ ಹೋಗುತ್ತಾರೆ. ಬಂದವರಿಗೆ, “ಒಳಗೆ ಹೆಂಗಸರು ಸ್ನಾನ ಮಾಡ್ತಿದಾರೆ, ಈಗ ಹೋಗುವಂತಿಲ್ಲ” ಎಂದು ಹೇಳುತ್ತೇನೆ. ಮೊದಲ ದಿನ ಜಗಳಕ್ಕೆಂದೇ ಊರುಗೋಲು ಹಿಡಿದು ಹೋಗಿದ್ದೆ, ವಾದಗಳನ್ನೆಲ್ಲ ಮನಸ್ಸಿನಲ್ಲೇ ಮಸೆದುಕೊಂಡಿದ್ದೆ.

ನನ್ನ ಸಿಟ್ಟು ನೆತ್ತಿಗೇರಿದ್ದು ಆಗಲೇ. ಯಾಕೆಂದರೆ ಬಹಳ ಜನ ಜಗಳವನ್ನೇ ಮಾಡಲಿಲ್ಲ. “ಓ, ಸಾರಿ ಅಂಕಲ್” ಎಂದು ಮುಖ ಕೆಂಪಗೆ ಮಾಡಿಕೊಂಡು ತಿರುಗಿ ಹೊರಟರು. ಮರಕ್ಕೆ ಏನೋ ಕಟ್ಟಲು ಬಂದ ಹೆಂಗಸರು ಅದನ್ನು ಕೈಯಲ್ಲೇ ಮುದುರಿಕೊಂಡು ಹೋದರು. ಒಬ್ಬ ಹುಡುಗನಂತೂ ಕಾರಿನಲ್ಲಿ ಜೋರಾಗಿ ಹಾಕಿದ್ದ ಹಾಡನ್ನು ತಾನಾಗಿಯೇ ನಿಲ್ಲಿಸಿದ. ಬೈಯುವವರು, ‘ನಿಮ್ಮಪ್ಪನ ಜಾಗನಾ?’ ಎನ್ನುವವರು ಇಲ್ಲವೆಂದಲ್ಲ, ಇದ್ದಾರೆ, ಅವರಿಗಾಗಿ ಊರುಗೋಲು ಇದೆ. ಆದರೆ ಇಷ್ಟು ಸುಲಭವಾಗಿತ್ತಲ್ಲ, ಒಂದು ವಾಕ್ಯಕ್ಕೆ ಮುಗಿಯುತ್ತಿತ್ತಲ್ಲ ಎಂದು ನೆನೆಸಿಕೊಂಡಾಗ ನನ್ನನ್ನು ನಾನೇ ಉಳಿದಿರುವ ಹಲ್ಲಿನಿಂದ ಕಚ್ಚಿಕೊಳ್ಳಬೇಕು ಅನ್ನಿಸುತ್ತದೆ. ಬಂದವರು ಕೆಟ್ಟವರೆಂದು ನಾನು ತಿಂಗಳುಗಟ್ಟಲೆ ಬೈದೆ. ಅವರಲ್ಲಿ ಅರ್ಧಕ್ಕರ್ಧ ಜನ ಯಾರೂ ಏನೂ ಹೇಳದ್ದರಿಂದ ಕೆಟ್ಟವರಾಗಿದ್ದರು. ಉಳಿದವರು ನಾನು ಹೇಳಿದ್ದರಿಂದ.

ಹೋದ ವಾರ ಬಿಸಿಲು ಚೆನ್ನಾಗಿತ್ತು. ಬೆನ್ನ ಹಿಂದೆ ನೀರು ಬೀಳುವ ಸದ್ದು, ಅದರ ಮೇಲೆ ಆಗಾಗ ತೇಲಿ ಬರುವ ಹೆಂಗಸರ ನಗು. ಏನಕ್ಕೆ ನಗುತ್ತಾರೋ ನನಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಬಹುಶಃ ನನ್ನ ವಿಷಯವೇ ಇರಬೇಕು. ಕೇಳುತ್ತ ಕೇಳುತ್ತ ನನ್ನ ತುಟಿಯೂ ಒಂದಿಷ್ಟು ಸಡಿಲವಾಯಿತೆಂದು ಕಾಣುತ್ತದೆ. ಗುಲಾಬಿ ಒದ್ದೆ ಬಟ್ಟೆಯ ಗಂಟು ಹೊತ್ತು ಹೊರಗೆ ಬಂದವಳು ನನ್ನ ಮುಖ ನೋಡಿ ನಿಂತಳು.

“ರೈಟ್ರೇ, ಇನ್ನೂ ನಾಲ್ಕು ಜನ ಒಳಗಿದಾರೆ. ಮುಖ ಬಿಗಿ ಮಾಡ್ಕಳಿ. ನೀವು ನಕ್ರೆ ಜನ ಹರಕೆ ಅಂತಲೇ ನಂಬ್ತಾರೆ.”

ನಾನು ಹುಬ್ಬು ಗಂಟಿಕ್ಕಿ ರಸ್ತೆಯ ಕಡೆ ತಿರುಗಿ ಕೂತೆ.